ಕುಡಿಯೋದೇ ಇಲ್ಲ, ಆದ್ರೂ ಎಸ್‌ಜಿಪಿಟಿ ಯಾಕೆ ಜಾಸ್ತಿ?

ವಯಸ್ಸು 38, ಒಂದು ತೊಟ್ಟೂ ಕುಡಿಯುವುದಿಲ್ಲ, ಆದರೂ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ಎಸ್‌ಜಿಪಿಟಿ 62, ಎಸ್‌ಜಿಒಟಿ 41, ಜಿಜಿಟಿ 70 ಬಂದಿದೆ, ಲಿವರ್ ಹಾಳಾಯಿತಾ, ಟಾನಿಕ್ ಕುಡಿಯಲಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. 14 ವರ್ಷದಿಂದ ಲ್ಯಾಬ್‌ನಲ್ಲಿ ರಕ್ತ ತೆಗೆದು ಮೆಷಿನ್‌ಗೆ ಹಾಕುವವನು. ಒಂದು ದಿನ ಸುಮ್ನೆ ನನ್ನ ರಕ್ತವನ್ನೇ ಹಾಕಿ ನೋಡಿದೆ, ಎಸ್‌ಜಿಪಿಟಿ 71! ಹಾಗಾಗಿ ನಿಮ್ಮ ಗಾಬರಿ ನನಗೆ ಗೊತ್ತು.

ಮೊದಲು ಇದು ತಿಳ್ಕೊಳ್ಳಿ. ಎಸ್‌ಜಿಪಿಟಿ, ಎಸ್‌ಜಿಒಟಿ ಎರಡೂ ಜೀವಕೋಶದ ಒಳಗೆ ಕೆಲಸ ಮಾಡುವ ಕಿಣ್ವಗಳು. ಲಿವರ್ ಕೋಶಕ್ಕೆ ಪೆಟ್ಟು ಬಿದ್ದರೆ ಸೋರಿ ರಕ್ತಕ್ಕೆ ಬರುತ್ತವೆ, ಆರೋಗ್ಯವಂತರಲ್ಲೂ ಸ್ವಲ್ಪ ಇದ್ದೇ ಇರುತ್ತವೆ. ಅಂದರೆ ಎಸ್‌ಜಿಪಿಟಿ ಹೇಳುವುದು ಕೋಶಗಳಿಗೆ ತೊಂದರೆ ಆಗುತ್ತಿದೆ ಅಂತ, ಲಿವರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತಲ್ಲ. ಅದಕ್ಕೆ ಅಲ್ಬುಮಿನ್ (ಲಿವರ್ ತಯಾರಿಸುವ ಪ್ರೋಟೀನ್), ಬಿಲಿರುಬಿನ್ (ಲಿವರ್ ಹೊರಹಾಕುವ ಹಳದಿ ವಸ್ತು), ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಲೆಕ್ಕ) ನೋಡಬೇಕು. ನೀವು ಹಾಕಿದ ರಿಪೋರ್ಟಿನಲ್ಲಿ ಅವು ಮೂರೂ ಸರಿಯಾಗಿವೆ.

ಅಸಲಿ ವಿಷಯ ಇರುವುದು ನೀವು ಕೊನೆಯಲ್ಲಿ 'ಉಳಿದದ್ದು ಸ್ವಲ್ಪ ಹೆಚ್ಚು ಕಡಿಮೆ ಅಷ್ಟೇ' ಅಂತ ಬರೆದ ಸಾಲಿನಲ್ಲಿ. ಸೊಂಟ 39 ಇಂಚು (ಸುಮಾರು 99 ಸೆಂ.ಮೀ.), ಟ್ರೈಗ್ಲಿಸರೈಡ್ ಅಂದರೆ ರಕ್ತದಲ್ಲಿನ ಕೊಬ್ಬು 212, ಎಚ್‌ಡಿಎಲ್ ಅಂದರೆ ಒಳ್ಳೆ ಕೊಲೆಸ್ಟ್ರಾಲ್ 36, ಖಾಲಿಹೊಟ್ಟೆ ಶುಗರ್ 108. ನಮ್ಮ ಕಡೆ ಗಂಡಸರಿಗೆ ಸೊಂಟ 90 ಸೆಂ.ಮೀ., ಹೆಂಗಸರಿಗೆ 80 ಮುಟ್ಟಿದರೆ ಜಾಸ್ತಿ ಅಂತ ಲೆಕ್ಕ. ಟ್ರೈಗ್ಲಿಸರೈಡ್ 150 ಮುಟ್ಟಬಾರದು, ಎಚ್‌ಡಿಎಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಇಳಿಯಬಾರದು, ಶುಗರ್ 100ರ ಒಳಗೆ ಇರಬೇಕು, ಬಿಪಿ 130/85ರ ಒಳಗೆ. ಈ ಐದರಲ್ಲಿ ಮೂರು ತಪ್ಪಿದರೆ ಮೆಟಬಾಲಿಕ್ ಸಿಂಡ್ರೋಮ್. ನಿಮ್ಮದು ನಾಲ್ಕು ತಪ್ಪಿದೆ, ಬಿಪಿ ಒಂದೇ ಉಳಿದಿರುವುದು.

ಇದಕ್ಕೂ ಲಿವರ್‌ಗೂ ಏನು ಸಂಬಂಧ ಅಂತೀರಾ? ಇನ್ಸುಲಿನ್ ಮಾತನ್ನು ದೇಹ ಕೇಳದೆ ಹೋದಾಗ ಕೊಬ್ಬಿನ ಕೋಶಗಳು ಹಗಲು ರಾತ್ರಿ ಕೊಬ್ಬನ್ನು ರಕ್ತಕ್ಕೆ ಬಿಡುತ್ತಲೇ ಇರುತ್ತವೆ, ಅದರಲ್ಲಿ ಬಹಳಷ್ಟು ಲಿವರ್‌ಗೆ ಬರುತ್ತದೆ, ಸಾಲದ್ದಕ್ಕೆ ಹೆಚ್ಚಾದ ಸಕ್ಕರೆಯಿಂದ ಲಿವರ್ ತಾನೂ ಕೊಬ್ಬು ತಯಾರಿಸುತ್ತದೆ. ಸ್ವಲ್ಪವನ್ನು ಟ್ರೈಗ್ಲಿಸರೈಡ್ ಮಾಡಿ ಹೊರಗೆ ಕಳಿಸುತ್ತದೆ. ಉಳಿದದ್ದು ಒಳಗೇ ಕೂರುತ್ತದೆ, ಅದೇ ಫ್ಯಾಟಿ ಲಿವರ್. ನಿಮ್ಮ 212 ಮತ್ತು 62 ಬೇರೆ ಬೇರೆ ಕಾಯಿಲೆ ಅಲ್ಲ, ಒಂದೇ ಕಥೆ.

ಫ್ಯಾಟಿ ಲಿವರ್‌ನಲ್ಲಿ ಸಾಮಾನ್ಯವಾಗಿ ಎಸ್‌ಜಿಪಿಟಿ ಮೇಲೆ, ಎಸ್‌ಜಿಒಟಿ ಕೆಳಗೆ. ಕುಡಿತದಿಂದ ಆದದ್ದಾದರೆ ಹೆಚ್ಚಾಗಿ ಎಸ್‌ಜಿಒಟಿಯೇ ಎರಡು ಪಟ್ಟು ಇರುತ್ತದೆ. ಜಿಜಿಟಿ ಕುಡಿತಕ್ಕೆ ಏರುವ ಇನ್ನೊಂದು ಕಿಣ್ವ. ಅದನ್ನು ನೋಡಿ 'ಕದ್ದು ಕುಡೀತೀಯಾ' ಅಂತ ಮನೆಯಲ್ಲಿ ಕೇಳಿದರೆ ಬೇಜಾರಾಗಬೇಡಿ, ಕೊಬ್ಬಿಗೂ ಅದು ಏರುತ್ತದೆ, ಕೆಲವು ಫಿಟ್ಸ್ ಮಾತ್ರೆಗಳಿಗೂ ಏರುತ್ತದೆ.

ಈಗ ನಮ್ಮ ಲ್ಯಾಬಿನವರ ಗುಟ್ಟು. ರಿಪೋರ್ಟಿನಲ್ಲಿ ಅಚ್ಚಾಗುವ ಎಸ್‌ಜಿಪಿಟಿಯ 'ನಾರ್ಮಲ್' ಮೇಲ್ಮಿತಿ ಒಂದೊಂದು ಲ್ಯಾಬ್‌ನಲ್ಲಿ ಒಂದೊಂದು, 40, 45, ಕೆಲವು ಕಡೆ 56. ಆದರೆ ಅಮೆರಿಕದ ಗ್ಯಾಸ್ಟ್ರೋ ಡಾಕ್ಟರ್‌ಗಳ ಸಂಘ 2017ರಲ್ಲಿ ಹೇಳಿದ ಮೇಲ್ಮಿತಿ ಗಂಡಸರಿಗೆ 29ರಿಂದ 33, ಹೆಂಗಸರಿಗೆ 19ರಿಂದ 25 ಅಂತ. ನಮ್ಮ ಅಕ್ಕನಿಗೆ 36 ಬಂದಿತ್ತು, ಪಕ್ಕದಲ್ಲಿ ಯಾವ ಗುರುತೂ ಇರಲಿಲ್ಲ. ಸ್ಕ್ಯಾನ್ ಮಾಡಿಸಿದರೆ ಗ್ರೇಡ್ 2, ಅಂದರೆ ಮಧ್ಯಮ ಮಟ್ಟದ ಫ್ಯಾಟಿ ಲಿವರ್. ಎಸ್‌ಜಿಪಿಟಿ ಪೂರ್ತಿ ನಾರ್ಮಲ್ ಇದ್ದೂ ಫ್ಯಾಟಿ ಲಿವರ್ ಇರುವವರು ಬೇಕಾದಷ್ಟು ಜನ.

ಹಾಗಾಗಿ ಲಿವರ್‌ನಲ್ಲಿ ಗಾಯದ ಕಲೆ ಕಟ್ಟಿ ಗಟ್ಟಿಯಾಗಿದೆಯಾ ಅಂತ ಎಸ್‌ಜಿಪಿಟಿ ಒಂದರಿಂದ ಹೇಳಲಾಗದು, ಅದನ್ನು ಅಂದಾಜು ಮಾಡಲು ಫಿಬ್-4 ಅನ್ನೋ ಲೆಕ್ಕ ಇದೆ. ವಯಸ್ಸನ್ನು ಎಸ್‌ಜಿಒಟಿಯಿಂದ ಗುಣಿಸಿ, ಅದನ್ನು ಪ್ಲೇಟ್‌ಲೆಟ್ ಮತ್ತು ಎಸ್‌ಜಿಪಿಟಿಯ ವರ್ಗಮೂಲ ಎರಡರ ಗುಣಲಬ್ಧದಿಂದ ಭಾಗಿಸಬೇಕು. ನಿಮ್ಮ ಪ್ಲೇಟ್‌ಲೆಟ್ 2.4 ಲಕ್ಷ, ಲೆಕ್ಕಕ್ಕೆ 240 ಅಂತ ಹಿಡಿಯಿರಿ. ಸುಮಾರು 0.82 ಬರುತ್ತದೆ. 1.3ಕ್ಕಿಂತ ಕಡಿಮೆ ಇದ್ದರೆ ಲಿವರ್ ಹೆಚ್ಚು ಗಟ್ಟಿಯಾಗಿರುವ ಸಾಧ್ಯತೆ ಕಡಿಮೆ. ಹಾಳಾಯಿತಾ ಅಂತ ಕೇಳಿದಿರಲ್ಲ, ಸದ್ಯಕ್ಕೆ ಉತ್ತರ ಇದು. ಮುಂದೆ ಎಸ್‌ಜಿಪಿಟಿ ಇಳಿದು ಎಸ್‌ಜಿಒಟಿ ಅದನ್ನು ದಾಟಿದರೆ ಮಾತ್ರ ಖುಷಿಪಡಬೇಡಿ, ಗಾಯದ ಕಲೆ ಹೆಚ್ಚಿದಾಗಲೂ ಹಾಗಾಗುತ್ತದೆ. ಡಾಕ್ಟರ್‌ಗೆ ತೋರಿಸಿ.

ಟಾನಿಕ್ ಬೇಡ. ಯಾರೋ ಹೇಳಿದರು ಅಂತ ಅಮೃತಬಳ್ಳಿ ಕಷಾಯವಂತೂ ಬೇಡವೇ ಬೇಡ. ಕೊರೊನಾ ಕಾಲದಲ್ಲಿ ಅದನ್ನು ಕುಡಿದು ಲಿವರ್‌ಗೆ ಪೆಟ್ಟು ಮಾಡಿಕೊಂಡವರ ಬಗ್ಗೆ ಮುಂಬೈ ಡಾಕ್ಟರ್‌ಗಳು 2021ರಲ್ಲಿ ಬರೆದಿದ್ದರು. ಆಯುಷ್ ಇಲಾಖೆ ಒಪ್ಪಲಿಲ್ಲ, ಅದು ಬೇರೆ ಮಾತು. ನಾನಾಗಿದ್ದರೆ ರಿಸ್ಕ್ ತಗೊಳ್ಳಲ್ಲ.

ನನಗೆ ಕೆಲಸ ಮಾಡಿದ್ದು ತೂಕ ಇಳಿಸಿದ್ದು. ನೈಟ್ ಡ್ಯೂಟಿಯಲ್ಲಿ ದಿನಕ್ಕೆ ಏಳು ಟೀ, ಪ್ರತಿಯೊಂದಕ್ಕೂ ಎರಡು ಚಮಚ ಸಕ್ಕರೆ. ಮೊದಲು ಅದು ಹೋಯಿತು. ರಾತ್ರಿ ಅನ್ನ ಅರ್ಧ ಆಯಿತು, ಊಟ ಆದ ಮೇಲೆ ಅರ್ಧ ಗಂಟೆ ನಡಿಗೆ. ಎಂಟು ತಿಂಗಳಲ್ಲಿ 84 ಕೆಜಿಯಿಂದ 77ಕ್ಕೆ ಬಂದೆ, ಎಸ್‌ಜಿಪಿಟಿ 33. ಬೆಣ್ಣೆ ದೋಸೆ ಬಿಟ್ಟಿಲ್ಲ, ತಿಂಗಳಿಗೊಮ್ಮೆ ಆಗಿದೆ ಅಷ್ಟೇ.

ಹೆಪಟೈಟಿಸ್ ಬಿ, ಸಿ ಒಮ್ಮೆ ಮಾಡಿಸಿಬಿಡಿ, ಎಲ್ಲವನ್ನೂ ಕೊಬ್ಬಿನ ತಲೆಗೆ ಕಟ್ಟಬಾರದು. ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡುವಾಗ ಹಿಂದಿನ ಒಂದು ವಾರ ಭಾರ ಎತ್ತಬೇಡಿ. ನನ್ನ ಜೊತೆಯ ಹುಡುಗನೊಬ್ಬ ಮೊದಲ ಸಲ ಜಿಮ್‌ಗೆ ಹೋಗಿ ಮಾರನೇ ದಿನ ರಕ್ತ ಕೊಟ್ಟ. ಎಸ್‌ಜಿಒಟಿ 140 ನೋಡಿ ಮುಖ ಬಿಳಿಚಿಕೊಂಡಿತ್ತು. ಸಿಪಿಕೆ (ಸ್ನಾಯುವಿಗೆ ಪೆಟ್ಟು ಬಿದ್ದಾಗ ಏರುವ ಕಿಣ್ವ) ಮಾಡಿ ನೋಡಿದರೆ ಎಲ್ಲ ಬಂದಿದ್ದು ತೊಡೆಯ ಸ್ನಾಯುವಿನಿಂದ!