ಬೋರ್ಡಿನ ಮೇಲಿನ ಲೈಸೆನ್ಸ್ ನಂಬರು ಯಾರು ಕೊಟ್ಟದ್ದು?

ಪತ್ರ: ನಾವಿಬ್ಬರೂ ರಾಯಚೂರಿನಲ್ಲಿ ನೌಕರಿ ಮಾಡುತ್ತೇವೆ. ಮೂರೂವರೆ ವರ್ಷದ ಮಗನನ್ನು ಪ್ಲೇಸ್ಕೂಲ್ ಕಮ್ ಡೇಕೇರ್‌ಗೆ ಬಿಡುತ್ತೇವೆ. ಹೋದ ವಾರ ಹಣೆ ಊದಿಸಿಕೊಂಡು ಬಂದ. ಕೇಳಿದರೆ, ‘ಮಕ್ಳು ಬೀಳೂದಿಲ್ಲೇನ್ರೀ? ನಮ್ದು ಲೈಸೆನ್ಸ್ ಇರೋ ಸೆಂಟರ್’ ಅಂದರು. ಲೈಸೆನ್ಸ್ ಕೊಟ್ಟವರು ಬಂದು ನೋಡುತ್ತಾರಾ? ದೂರು ಕೊಟ್ಟು ಸೆಂಟರ್ ಮುಚ್ಚಿಹೋದರೆ ನಮ್ಮ ಗತಿ?
– ಒಬ್ಬ ತಾಯಿ, ರಾಯಚೂರು

ಉತ್ತರ: ಮಕ್ಕಳು ಬೀಳುತ್ತವೆ, ನಿಜ. ಆದರೆ ಬಿದ್ದಾಗ ಹತ್ತಿರ ಯಾರಿದ್ದರು, ನಿಮಗೆ ಯಾಕೆ ಫೋನ್ ಬರಲಿಲ್ಲ? ಕೇಳಿದ್ದಕ್ಕೆ ಲೈಸೆನ್ಸ್ ತೋರಿಸಿದರೆ ಅದು ಉತ್ತರ ಆಗುವುದಿಲ್ಲ.

ಮೊದಲು ಆ ಲೈಸೆನ್ಸ್ ಯಾವ ಇಲಾಖೆಯದು ನೋಡಿ. ಬರೀ ಟ್ರೇಡ್ ಲೈಸೆನ್ಸ್ ಇರಬಹುದು, ಟ್ರಸ್ಟಿನ ನೋಂದಣಿ ಇರಬಹುದು. ಅವು ಮಕ್ಕಳನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಪರೀಕ್ಷಿಸಿ ಕೊಟ್ಟ ಕಾಗದಗಳಲ್ಲ. ಅನಾಥ ಮಕ್ಕಳ ಪಾಲನಾ ಕೇಂದ್ರಗಳಿಗೆ 2015ರ ಬಾಲನ್ಯಾಯ ಕಾಯ್ದೆ ಬಿಗಿಯಾಗಿದೆ: ನೋಂದಣಿ ಕಡ್ಡಾಯ, ಮೂರು ತಿಂಗಳಿಗೊಮ್ಮೆ ತಪಾಸಣೆ, ತಂಡದಲ್ಲಿ ಒಬ್ಬ ಮಹಿಳೆ ಮತ್ತು ಒಬ್ಬ ವೈದ್ಯರು ಇರಲೇಬೇಕು. ಸಂಜೆ ಮನೆಗೆ ಹೋಗುವ ಮಕ್ಕಳಿಗೆ ಇಂಥ ಕಾವಲಿಲ್ಲ. ಅಪ್ಪ ಅಮ್ಮ ನೋಡ್ತಾರೆ ಅಂತ ಸರ್ಕಾರ, ಸರ್ಕಾರ ನೋಡುತ್ತೆ ಅಂತ ಅಪ್ಪ ಅಮ್ಮ!

ಆದರೂ ಅಳತೆಗೋಲು ಒಂದಿದೆ. ಖಾಸಗಿ ಪ್ಲೇಸ್ಕೂಲ್‌ಗಳಿಗೆ ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಇದೆ. 20 ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಆಯಾ ಇರಬೇಕು. ಸಿಬ್ಬಂದಿಯ ಪೊಲೀಸ್ ಪರಿಶೀಲನೆ ಆಗಿರಬೇಕು. ನಾಳೆ ಬಿಡಲು ಹೋದಾಗ ಸುಮ್ನೆ ತಲೆ ಎಣಿಸಿ.

ಹಾಗೇ ಒಳಗೊಮ್ಮೆ ತಿರುಗಾಡಿ ಬನ್ನಿ. ನಮ್ಮ ಕಡೆ ನಲ್ಲಿ ನೀರು ಬಂದಾಗ ತುಂಬಿಟ್ಟುಕೊಳ್ಳಬೇಕು, ಅದಕ್ಕೇ ಬಾಡಿಗೆ ಮನೆಗಳಲ್ಲೂ ಸಂಪ್ ಇರುತ್ತದೆ. ಅದರ ಮುಚ್ಚಳಕ್ಕೆ ಬೀಗ ಇದೆಯಾ? ನನಗೆ ಸಿಸಿಟಿವಿಗಿಂತ ಇದು ಜಾಸ್ತಿ ಮುಖ್ಯ. ಕುಡಿಯುವ ನೀರು ಎಲ್ಲಿಂದ ತರುತ್ತಾರೆ ಕೇಳಿ. 2022ರಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತದ್ದು ನಿಮ್ಮೂರಲ್ಲೇ ಅಲ್ವಾ? ಮಧ್ಯಾಹ್ನ ಮಲಗಿಸುವ ಕೋಣೆಗೆ ತಗಡಿನ ಚಾವಣಿ ಇದ್ದರೆ ರಾಯಚೂರಿನ ಮೇ ತಿಂಗಳಲ್ಲಿ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಗ್ಯಾಸ್ ಸಿಲಿಂಡರ್ ಎಲ್ಲಿದೆ, ಹೊರಬರಲು ಇನ್ನೊಂದು ಬಾಗಿಲು ಇದೆಯಾ? 2004ರಲ್ಲಿ ಕುಂಭಕೋಣಂ ಶಾಲೆಯ ಅಡುಗೆಮನೆಯಲ್ಲಿ ಹೊತ್ತಿದ ಬೆಂಕಿ 94 ಮಕ್ಕಳನ್ನು ಬಲಿ ತೆಗೆದುಕೊಂಡಿತು.

ತಪಾಸಣೆ ಆಗಿದೆಯೋ ಇಲ್ಲವೋ ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಒಂದು, ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಒಂದು. ಶುಲ್ಕ 10 ರೂಪಾಯಿ, ಉತ್ತರ 30 ದಿನದೊಳಗೆ ಬರಬೇಕು. ‘ಈ ಕೇಂದ್ರಕ್ಕೆ ನೀವು ಅನುಮತಿ ಕೊಟ್ಟಿದ್ದೀರಾ? ಕೊನೆಯ ತಪಾಸಣೆ ಯಾವಾಗ? ವರದಿಯ ಪ್ರತಿ ಕೊಡಿ.’ ಇಷ್ಟೇ ಬರೆಯಿರಿ. ಇಬ್ಬರೂ ‘ನಮಗೆ ಸಂಬಂಧಿಸಿಲ್ಲ’ ಅಂದರೆ ಆ ಎರಡು ಉತ್ತರಗಳನ್ನೇ ಜೋಡಿಸಿ ಜಿಲ್ಲಾಧಿಕಾರಿಗೆ ಕೊಡಿ.

ಹೊಡೆದಿದ್ದಾರೆ ಅನ್ನುವ ಅನುಮಾನ ಬಂದರೆ ಮಾತ್ರ ಇಷ್ಟೆಲ್ಲ ಕಾಯಬೇಡಿ. ಅವತ್ತೇ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಮಗುವನ್ನು ಡಾಕ್ಟರಿಗೆ ತೋರಿಸಿ. ಮಕ್ಕಳ ಪಾಲನೆಗೆ ಇರುವ ಸಂಸ್ಥೆಯ ಸಿಬ್ಬಂದಿಯೇ ಹಿಂಸೆ ಕೊಟ್ಟರೆ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಜೈಲಿದೆ.

ಇನ್ನು ಸೆಂಟರ್ ಮುಚ್ಚುವ ಭಯ. ಅದು ಸುಳ್ಳಲ್ಲ. ಹಾಗಾಗಿ ‘ಮುಚ್ಚಿಸಿ’ ಅಂತ ಬರೆಯಬೇಡಿ. ಸಂಪ್‌ನ ಮುಚ್ಚಳಕ್ಕೆ ಬೀಗ, ಇನ್ನೊಬ್ಬ ಆಯಾ, ಏಟಾದರೆ ಕೂಡಲೇ ಫೋನ್ ಅಂತ ಕೇಳಿ. ಮೊದಲು ಮಾಲೀಕರಿಗೇ ಬರಹದಲ್ಲಿ ಕೊಡಿ, ನಾಲ್ಕೈದು ಪಾಲಕರು ಸೇರಿ ಸಹಿ ಹಾಕಿ. ಶುಲ್ಕ ಸ್ವಲ್ಪ ಏರಿಸುತ್ತೇವೆ ಅಂದಾರು. ಆಯಾ ಸಂಬಳಕ್ಕೆ ಅಂತಾದರೆ ಕೊಡುವುದೇ ಸರಿ ಅನ್ನಿಸುತ್ತದೆ ನನಗೆ.

ನೀವು ಎಲ್ಲಿ ಕೆಲಸ ಮಾಡುತ್ತೀರಿ ಅಂತ ಬರೆದಿಲ್ಲ. 50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿ ಬರಲು ಬಿಡಬೇಕು ಎಂಬ ನಿಯಮ 2017ರಲ್ಲೇ ಬಂದಿದೆ. ನಿಮ್ಮಲ್ಲಿ ಅಷ್ಟು ಜನ ಇದ್ದರೆ ಆ ಅರ್ಜಿಯನ್ನೂ ಇದೇ ವಾರ ಕೊಟ್ಟುಬಿಡಿ.

– ಸಂಪಾದಕ