ಅಪ್ಪನ ಹತ್ತಿರ ಇನ್ನೊಮ್ಮೆ ಕೇಳಕ್ಕಾಗಲ್ಲ

ಗುರುತು ಸಿಗದ ಹಾಗೆ ಬಡಾವಣೆ, ಓದು, ಮನೆಯವರ ಉದ್ಯೋಗ ಎಲ್ಲವನ್ನೂ ಬದಲಿಸಿದ್ದೇನೆ. ಹುಡುಗನಿಗೂ ಅವನ ತಂದೆಗೂ ಓದಿ ಹೇಳಿ, ಅವರು ಒಪ್ಪಿದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಅವನಿಗೆ 20 ವರ್ಷ, ಅನಿಮೇಷನ್ ವಿದ್ಯಾರ್ಥಿ. ಬೆಂಗಳೂರಿನ ವಿಜಯನಗರದ ಕಡೆ ಬಾಡಿಗೆ ಮನೆ. ಹಾಲ್‌ನ ಒಂದು ಮೂಲೆಯೇ ಅವನ ಕೋಣೆ. ಆಪ್ತಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದವರು ತಾಯಿ. "ನಾಲ್ಕು ತಿಂಗಳಿಂದ ಸರಿಯಾಗಿ ಮಲಗ್ತಿಲ್ಲ, ರಾತ್ರಿ ಎರಡು ಗಂಟೆಗೆ ಎದ್ದು ನೋಡಿದ್ರೂ ಮೊಬೈಲು ಹಿಡ್ಕೊಂಡಿರ್ತಾನೆ" ಅಂದರು. ಏನೋ ಚಟ ಹತ್ತಿದೆ ಎಂಬ ಭಯ ಅವರಿಗೆ. ಅವನನ್ನು ಒಬ್ಬನೇ ಕೂರಿಸಿ ಕೇಳಿದಾಗ ಗೊತ್ತಾಯಿತು, ಹುಡುಗ ರಾತ್ರಿಯೆಲ್ಲ ನೋಡುತ್ತಿದ್ದದ್ದು ಕಂಪ್ಯೂಟರಿನ ಬಿಡಿಭಾಗಗಳೆಲ್ಲ ಕೂರುವ ಮದರ್‌ಬೋರ್ಡುಗಳನ್ನು.

ಬಿಡಿಭಾಗ ತಂದು ಕಂಪ್ಯೂಟರ್ ಜೋಡಿಸಿಕೊಳ್ಳಲು ತಂದೆ ಚೀಟಿ ಎತ್ತಿ 75 ಸಾವಿರ ರೂಪಾಯಿ ಕೊಟ್ಟಿದ್ದರು. ಹಣ ಬ್ಯಾಂಕಿನಲ್ಲೇ ಇತ್ತು. ಇವನು ಮೂರು ಸಲ ಕಂಪ್ಯೂಟರ್ ಅಂಗಡಿಗಳಿರುವ ಎಸ್.ಪಿ. ರಸ್ತೆಗೆ ಹೋಗಿ, ಅಂಗಡಿ ಅಂಗಡಿ ಹತ್ತಿಳಿದು, ಬರಿಗೈಲಿ ವಾಪಸ್ ಬಂದಿದ್ದ. ನನಗೆ ಒಂದು ನೋಟ್‌ಬುಕ್ ತೋರಿಸಿದ. 11 ಬೋರ್ಡುಗಳ ಪಟ್ಟಿ, ಎಲ್ಲದರ ಮೇಲೂ ಗೆರೆ ಎಳೆದು ಅಳಿಸಿದ್ದು, ಅಳಿಸಿದ್ದರ ಪಕ್ಕದಲ್ಲೇ ಮತ್ತೆ ಟಿಕ್ ಹಾಕಿದ್ದು. ಕೊನೆಯ ಕಾಲಂಗೆ ಒಂದೇ ಪದದ ತಲೆಬರಹ: ಮುಂದೆ.

"ಮುಂದೆ ಅಂದ್ರೆ?"

"ಮುಂದೆ ಒಳ್ಳೇ ಗ್ರಾಫಿಕ್ಸ್ ಕಾರ್ಡ್ ಹಾಕ್ಬೇಕು ಮೇಡಂ, ಅನಿಮೇಷನ್ ಚಿತ್ರ ಬೇಗ ತಯಾರಾಗೋಕೆ. ಈಗ ಬೋರ್ಡು ತಪ್ಪಾಗಿ ತಗೊಂಡ್ರೆ ಆಗ ಎಲ್ಲಾ ಬದಲಿಸ್ಬೇಕಾಗತ್ತೆ."

"ಬದಲಿಸಬೇಕಾಗಿ ಬಂದರೆ?"

ತುಂಬ ಹೊತ್ತು ಸುಮ್ಮನಿದ್ದ. ಆಮೇಲೆ, "ಅಪ್ಪನ ಹತ್ತಿರ ಇನ್ನೊಮ್ಮೆ ಕೇಳಕ್ಕಾಗಲ್ಲ" ಅಂದ. ಹಣ ಕೊಡುವಾಗ ತಂದೆ "ಇದೊಂದೇ ಸಲ, ನೋಡಿ ತಗೋ" ಅಂದಿದ್ದರಂತೆ. ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಹಾಗಾಗಿ ಇನ್ನು ಹತ್ತು ವರ್ಷಕ್ಕೆ ಬೇಕಾದದ್ದೆಲ್ಲ ಈಗಿನ ಒಂದೇ ಖರೀದಿಯಲ್ಲಿ ಮುಗಿದುಹೋಗಬೇಕು ಎಂದು ಅವನು ಹಟ ಹಿಡಿದಿದ್ದ.

ಆಪ್ತಸಲಹೆಯಲ್ಲಿ "ಇದನ್ನು ಕೊಂಡುಕೋ" ಎಂದು ಹೇಳುವ ಪದ್ಧತಿಯಿಲ್ಲ. ಆದರೆ ಈ ಕೆಲಸಕ್ಕೆ ಬರುವ ಮೊದಲು ನಾನು ಕೆಲವು ವರ್ಷ ಕಂಪ್ಯೂಟರ್ ಹಾರ್ಡ್‌ವೇರ್ ಕೆಲಸ ಮಾಡಿದವಳು. ಅವನ ಭಯದಲ್ಲಿ ಅರ್ಧದಷ್ಟು ನಿಜವಿದೆ ಎಂದು ನನಗೆ ಗೊತ್ತಿತ್ತು. ಅದನ್ನೆಲ್ಲ ಬರೀ ಆತಂಕ ಎಂದು ಹೆಸರಿಟ್ಟು ಉಸಿರಾಟದ ಅಭ್ಯಾಸ ಹೇಳಿಕೊಟ್ಟು ಕಳಿಸಿದ್ದರೆ ಅನ್ಯಾಯವಾಗುತ್ತಿತ್ತು.

ಎರಡನೇ ಭೇಟಿಗೆ ಹಳೇ ಪೇಪರು, ಸ್ಕೇಲು, ಕತ್ತರಿ ತಂದಿಟ್ಟುಕೊಂಡೆ. ಬೋರ್ಡಿನ ಎರಡು ಅಳತೆಗೆ ಒಂದೊಂದು ಚೌಕ ಕತ್ತರಿಸಲು ಹೇಳಿದೆ: ಮಿನಿ ಐಟಿಎಕ್ಸ್‌ಗೆ 17 ಸೆಂಟಿಮೀಟರ್, ಮೈಕ್ರೋ ಎಟಿಎಕ್ಸ್‌ಗೆ 24.4 ಸೆಂಟಿಮೀಟರ್. ಒಂದರ ಮೇಲೊಂದು ಇಟ್ಟ. ಸುತ್ತ ಉಳಿದ ಅಂಚನ್ನು ಬೆರಳಿನಿಂದ ಸವರುತ್ತ, "ಇಷ್ಟೇನಾ?" ಅಂದ. ಹಾಲ್‌ನಲ್ಲಿ ಜಾಗವಿಲ್ಲ, ಕಂಪ್ಯೂಟರಿನ ಪೆಟ್ಟಿಗೆ ಚಿಕ್ಕದಿರಲಿ ಎಂಬುದು ತಾಯಿಯ ಆಸೆ. ಆದರೆ ಗ್ರಾಫಿಕ್ಸ್ ಕಾರ್ಡ್ ಹಾಕುವವರಿಗೆ ಪೆಟ್ಟಿಗೆಯ ಅಳತೆ ನಿರ್ಧರಿಸುವುದು ಬೋರ್ಡಿಗಿಂತ ಹೆಚ್ಚಾಗಿ ಆ ಕಾರ್ಡೇ. ದೊಡ್ಡ ಕಾರ್ಡುಗಳು 30 ಸೆಂಟಿಮೀಟರ್ ದಾಟುತ್ತವೆ. ಕಾರ್ಡ್ ಸಿಕ್ಕಿಸುವ ಒಂದು ಸ್ಲಾಟಿನ ಜಾಗ ಸುಮಾರು 2 ಸೆಂಟಿಮೀಟರ್, ಮೂರು ಸ್ಲಾಟ್ ದಪ್ಪದ ಕಾರ್ಡ್ ಅಂದರೆ 6 ಸೆಂಟಿಮೀಟರ್.

ಮಿನಿ ಐಟಿಎಕ್ಸ್‌ನಲ್ಲಿ ಕಾರ್ಡಿಗೆ ಒಂದೇ ಸ್ಲಾಟ್, ಸಾಮಾನ್ಯವಾಗಿ ರ‍್ಯಾಮ್‌ಗೆ ಎರಡೇ. ಒಂದು ಕಾರ್ಡಿಗೆ ಅದು ಸಾಕು, ಅದರಲ್ಲಿ ತಪ್ಪೇನಿಲ್ಲ. ಆದರೆ ಅದೇ ಚಿಪ್‌ಸೆಟ್ (ಬೋರ್ಡನ್ನು ನಿಯಂತ್ರಿಸುವ ಚಿಪ್) ಇರುವ ದೊಡ್ಡ ಬೋರ್ಡಿಗಿಂತ ಇದಕ್ಕೆ ಬೆಲೆ ಹೆಚ್ಚು, ಅದರ ಪುಟ್ಟ ಪೆಟ್ಟಿಗೆಗಳಿಗೆ ಹೆಚ್ಚಾಗಿ ಪುಟ್ಟ ಪವರ್ ಸಪ್ಲೈ ಬೇಕು, ಅದಕ್ಕೂ ಹೆಚ್ಚು ಹಣ. ಇವನ 75 ಸಾವಿರದಲ್ಲಿ ಆ ದುಡ್ಡನ್ನು ಜಾಗಕ್ಕೆ ಸುರಿಯುವುದು ಬೇಡ, ಮೈಕ್ರೋ ಎಟಿಎಕ್ಸ್ ತಗೋ ಎಂದು ನೇರವಾಗಿಯೇ ಹೇಳಿದೆ. ದಪ್ಪ ಕಾರ್ಡ್ ಕೂತ ಮೇಲೆ ಕೆಳಗಿನ ಸ್ಲಾಟು ಮುಚ್ಚಿಹೋಗುವುದರಿಂದ ವೈಫೈ ಬೋರ್ಡಿನಲ್ಲೇ ಇರಲಿ ಎಂದೂ ಸೇರಿಸಿದೆ.

ಅವನ ಪಟ್ಟಿಯಲ್ಲಿ ನನಗೆ ನಿಜವಾಗಿ ಕಳವಳ ತಂದದ್ದು ಬೋರ್ಡಲ್ಲ, ಕಂಪ್ಯೂಟರಿನ ಮುಖ್ಯ ಚಿಪ್ ಆದ ಪ್ರೊಸೆಸರ್. ಈಗ ಕಾರ್ಡಿಲ್ಲದೆ ನಡೆಸಬೇಕಲ್ಲ ಎಂದು ರೈಜೆನ್ 5 8500ಜಿ ಬರೆದುಕೊಂಡಿದ್ದ. ಇದರ ಒಳಗಿನ ಗ್ರಾಫಿಕ್ಸ್ ಪರವಾಗಿಲ್ಲ. ಆದರೆ ಮುಂದೆ ಹಾಕುವ ಕಾರ್ಡಿಗೆ ಇದು ಬಿಟ್ಟುಕೊಡುವುದು ನಾಲ್ಕೇ ಲೇನ್, ಅಂದರೆ ಮಾಹಿತಿ ಹರಿಯುವ ದಾರಿ. 8600ಜಿ ಆದರೆ ಎಂಟು. ಬೋರ್ಡಿನ ಮೇಲೆ ಹದಿನಾರು ಲೇನ್‌ನ ಉದ್ದನೆ ಸ್ಲಾಟ್ ಕಾಣುತ್ತದೆ, ಅಂಗಡಿಯವರು ಅದನ್ನೇ ತೋರಿಸುತ್ತಾರೆ. ನಲ್ಲಿ ದೊಡ್ಡದು, ಹಿಂದಿನ ಪೈಪು ಸಣ್ಣದು. ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದ ದೊಡ್ಡ ಸೀನ್ ಕಾರ್ಡಿನ ಮೆಮೊರಿ ತುಂಬಿ ಹೊರಗೆ ಚೆಲ್ಲಿದಾಗ ಇದರ ಪೆಟ್ಟು ತಿಳಿಯುತ್ತದೆ. ರೈಜೆನ್ 5 7600ದಲ್ಲಿ ಪೂರ್ತಿ ಹದಿನಾರು ಲೇನ್ ಸಿಗುತ್ತದೆ. ಪರದೆಗೆ ಚಿತ್ರ ಕೊಡುವಷ್ಟು ಸಣ್ಣ ಗ್ರಾಫಿಕ್ಸ್ ಅದರಲ್ಲೂ ಇದೆ. ಹಾಗೆ ಮಾಡಿದರೆ ಕಾರ್ಡ್ ಬರುವ ತನಕ ಕಷ್ಟವೇ. ರೆಂಡರ್, ಅಂದರೆ ಸೀನ್ ಅಂತಿಮ ಚಿತ್ರವಾಗಿ ಹೊರಬರುವುದು, ನಿಧಾನ; ಭಾರಿ ಸೀನ್‌ಗಳಿಗೆ ಕಾಲೇಜಿನ ಲ್ಯಾಬೇ ಗತಿ. ಈ ಕಷ್ಟವನ್ನು ಅವನಿಂದ ಮುಚ್ಚಿಡಲಿಲ್ಲ.

ಕಾರ್ಡ್ ಸ್ಲಾಟಿನ ಹೊಸ ಪೀಳಿಗೆಯಾದ ಪಿಸಿಐಇ 5.0 ಬಗ್ಗೆ ಅವನು ವಾರಗಟ್ಟಲೆ ತಲೆ ಕೆಡಿಸಿಕೊಂಡಿದ್ದ. ಅದಕ್ಕೆ ಐದೇ ನಿಮಿಷ ಕೊಟ್ಟೆ. ಹೊಸ ಕಾರ್ಡ್ ಹಳೇ ಸ್ಲಾಟಿನಲ್ಲೂ ನಡೆಯುತ್ತದೆ. ಬಿ650 ಚಿಪ್‌ಸೆಟ್ಟಿನ ಬೋರ್ಡಿನಲ್ಲಿರುವ ಹಿಂದಿನ ಪೀಳಿಗೆಯ 4.0 ಸ್ಲಾಟು ಹದಿನಾರು ಲೇನ್‌ಗಳಲ್ಲಿ ಒಂದೊಂದು ದಿಕ್ಕಿಗೂ ಸೆಕೆಂಡಿಗೆ ಸುಮಾರು 32 ಗಿಗಾಬೈಟ್ ಸಾಗಿಸುತ್ತದೆ, ಅವನ ಕೆಲಸಕ್ಕೆ ಧಾರಾಳ. ಈ ಪ್ರೊಸೆಸರ್ ಕೂರುವ ಎಎಂ5 ಸಾಕೆಟ್ 2022ರಲ್ಲಿ ಬಂದದ್ದು. 2027 ಮತ್ತು ಅದರಾಚೆಗೂ ಇದನ್ನು ಮುಂದುವರಿಸುವುದಾಗಿ ಅದರ ಕಂಪನಿ ಎಎಂಡಿ ಹೇಳಿದೆ.

ನೋಟ್‌ಬುಕ್ಕಿನಲ್ಲಿ ಒಂದು ಸಾಲು ಪೂರ್ತಿ ಖಾಲಿಯಿತ್ತು, ಪವರ್ ಸಪ್ಲೈ. ನಾಲ್ಕು ತಿಂಗಳು ಬೋರ್ಡಿನ ಬಗ್ಗೆ ಮೀನಮೇಷ ಎಣಿಸಿದವನು ಅದನ್ನು ಯೋಚಿಸಿಯೇ ಇರಲಿಲ್ಲ. ಸ್ಲಾಟು ಕಾರ್ಡಿಗೆ ಕೊಡಬಲ್ಲದ್ದು 75 ವ್ಯಾಟ್ ಅಷ್ಟೇ. ಎಂಟು ಪಿನ್ನಿನ ಒಂದು ಕೇಬಲ್ 150 ಕೊಡುತ್ತದೆ. ಮಿಕ್ಕಿದ್ದೆಲ್ಲ ಪವರ್ ಸಪ್ಲೈಯ ತಾಕತ್ತು. ಈಗಲೇ ಒಳ್ಳೆಯ 650 ವ್ಯಾಟ್‌ನದು ಹಾಕು, ಕನಿಷ್ಠ 33 ಸೆಂಟಿಮೀಟರ್ ಕಾರ್ಡ್ ಹಿಡಿಯುವ ಪೆಟ್ಟಿಗೆ ತಗೋ, ರ‍್ಯಾಮ್, ಎಸ್‌ಎಸ್‌ಡಿ ಯಾವಾಗ ಬೇಕಾದರೂ ಹೆಚ್ಚಿಸಬಹುದು ಅಂದೆ. ಅವನು ಹೊಸ ಹಾಳೆಯಲ್ಲಿ ಬರೆದುಕೊಂಡ.

ಅವನ ಭಯದ ಉಳಿದ ಅರ್ಧಕ್ಕೆ ತಂದೆಯನ್ನು ಕರೆಸಲೇಬೇಕಿತ್ತು. ಅವನು ಒಪ್ಪಲು ಎರಡು ವಾರ ಹಿಡಿಯಿತು. ತಂದೆ ಒಂದು ಸಂಜೆ ಕೆಲಸ ಮುಗಿಸಿ ನೇರ ಬಂದರು, ಅಂಗಿಯ ತೋಳಿಗೆ ಇನ್ನೂ ಗ್ರೀಸ್ ಮೆತ್ತಿತ್ತು. ಮಗನಿಗೆ ಒಂದೇ ವಾಕ್ಯ ಅಭ್ಯಾಸ ಮಾಡಿಸಿದ್ದೆ: "ಒಂದು ವರ್ಷ ಆದ್ಮೇಲೆ ಇನ್ನೊಂದು ವಸ್ತು ಬೇಕಾಗತ್ತೆ, ಅದನ್ನ ಈಗ್ಲೇ ಹೇಳ್ತಿದೀನಿ." ಎರಡು ಸಲ ತಡವರಿಸಿ ಹೇಳಿದ. ತಂದೆ ಮುಖ ಗಂಟಿಕ್ಕಲಿಲ್ಲ. "ಈಗ ನಿಜವಾಗ್ಲೂ ಇಲ್ಲ ಕಣೋ. ಬರೋ ವರ್ಷ ಚೀಟಿ ಮುಗಿಯತ್ತೆ, ದೀಪಾವಳಿ ಹೊತ್ತಿಗೆ ಅರ್ಧ ನೋಡ್ಬಹುದು. ಇನ್ನರ್ಧ ನೀನು ದುಡಿ" ಅಂದರು. ಮದುವೆ ವಿಡಿಯೊ ಎಡಿಟಿಂಗ್ ಕೆಲಸ ಸಿಗುತ್ತದೆ ಎಂದು ಮಗ ಹೇಳಿದ್ದು ಅವರಿಗೆ ಹೊಸ ಸುದ್ದಿ.

ಪೇಪರಿನ ಚೌಕಗಳು ಮೇಜಿನ ಮೇಲೇ ಇದ್ದವು. ತಂದೆ ಕೈಗೆತ್ತಿಕೊಂಡು, "ಆ ಕಾರ್ಡು ಎಷ್ಟುದ್ದ ಇರತ್ತೆ?" ಎಂದು ಕೇಳಿದರು. ಮಗ 30 ಸೆಂಟಿಮೀಟರ್ ಅಂದ. ಅವರು ಮೇಜಿನ ಮೇಲೆ ಕೈ ಚಾಚಿ ಒಂದು ಗೇಣು ಅಳೆದು, ನಾಲ್ಕು ಬೆರಳು ಸೇರಿಸಿ, "ದೇವರ ಗೂಡಿನ ಪಕ್ಕ ಕೂರತ್ತೆ" ಅಂದರು.

ಮುಂದಿನ ಶನಿವಾರ ಅಪ್ಪ ಮಗ ಇಬ್ಬರೂ ಎಸ್.ಪಿ. ರಸ್ತೆಗೆ ಹೋಗಿ ಬೋರ್ಡು ತಂದರು. ನಿದ್ದೆ ಪೂರ್ತಿ ಸರಿಹೋಗಿಲ್ಲ. ಈಗ ರಾತ್ರಿ ಕಾರ್ಡುಗಳ ಬೆಲೆ ನೋಡುವ ಅಭ್ಯಾಸ ಶುರುವಾಗಿದೆ. ಅದನ್ನು ಭಾನುವಾರ ಬೆಳಿಗ್ಗೆ ಒಂದು ಗಂಟೆಯ ಅವಧಿಗೆ ಮಿತಿಗೊಳಿಸಲು ಒಪ್ಪಿದ್ದಾನೆ. ಮೊಬೈಲು ರಾತ್ರಿ ಹನ್ನೊಂದರ ಮೇಲೆ ತಾಯಿಯ ಹತ್ತಿರ ಇರುತ್ತದೆ. ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದಾನೆ.