ಅಪ್ಪನ ಡಯಾಲಿಸಿಸ್, ಮಗಳ ಕ್ಯಾಟ್

ಶೈಲಾ ಮೊದಲ ಸಲ ಸಲಹೆ ಕೇಳಲು ನನ್ನ ಹತ್ತಿರ ಬಂದದ್ದು ಜೂನ್ ತಿಂಗಳಲ್ಲಿ. ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ, ಬರೆಯಲು ಆಕೆಯ ಒಪ್ಪಿಗೆ ಇದೆ. ವಯಸ್ಸು 27, ಓದಿದ್ದು ಬಿ.ಕಾಂ., ಊರು ಹಾವೇರಿ ಕಡೆ. ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವ ಕೆಲಸ. ಹಿಂದಿನ ವರ್ಷ ಎಂಬಿಎ ಪ್ರವೇಶ ಪರೀಕ್ಷೆ ಕ್ಯಾಟ್ ಬರೆದು 81 ಪರ್ಸೆಂಟೈಲ್ ತೆಗೆದಿದ್ದಳು, ಅಂದರೆ ಬರೆದ ನೂರು ಜನರಲ್ಲಿ ಸುಮಾರು 81 ಜನರಿಗಿಂತ ಮುಂದೆ. ಈ ಸಲ ಮತ್ತೆ ಬರೆಯಬೇಕು, ದೇಶದ ಹೆಸರಾಂತ ಮ್ಯಾನೇಜ್‌ಮೆಂಟ್ ಸಂಸ್ಥೆಯಾದ ಐಐಎಂ ಸೇರಬೇಕು ಅನ್ನುವ ಆಸೆ. ಆದರೆ ಬಂದು ಕೂತವಳು ಮೊದಲು ಕೇಳಿದ್ದು ಪರೀಕ್ಷೆ ಬಗ್ಗೆ ಅಲ್ಲ.

"ಮೇಡಂ, ಅಪ್ಪಗ ಹಿಂಗಿರುವಾಗ ನಾ ಓದೋ ಆಸೆ ಇಟ್ಕೊಂಡಿದ್ದು ತಪ್ಪೇನ್ರಿ?"

ಅಪ್ಪನಿಗೆ ಎರಡು ವರ್ಷದಿಂದ ಡಯಾಲಿಸಿಸ್ ನಡೆಯುತ್ತಿದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಿಗ್ಗೆ 6ರ ಪಾಳಿ. ಒಂದು ಸಲಕ್ಕೆ ನಾಲ್ಕು ಗಂಟೆ. ಜೊತೆಗೆ ಹೋಗುವವಳು ಶೈಲಾ. ಅಲ್ಲಿಂದ ಅಪ್ಪನನ್ನು ಮನೆಗೆ ಬಿಟ್ಟು ಆಫೀಸಿಗೆ ಓಟ. ಮನೆಯಲ್ಲಿ ಅವ್ವ ಅಡುಗೆ ನೋಡುತ್ತಾರೆ. ಅದೂ ಸುಲಭದ ಅಡುಗೆಯಲ್ಲ. ತರಕಾರಿ ಬೇಯಿಸಿದ ನೀರನ್ನು ಚೆಲ್ಲಬೇಕು, ಉಪ್ಪು ಕಡಿಮೆ, ಎಳನೀರು ಬಾಳೆಹಣ್ಣು ಬೇಡ. ದಿನಕ್ಕೆ ಕುಡಿಯುವ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಯಲ್ಲಿ ಅಳೆದು ಇಡುತ್ತಾರೆ. ಅಣ್ಣ, ವೈನಿ ಬೆಂಗಳೂರಿನಲ್ಲಿದ್ದಾರೆ. ಅಣ್ಣ ಪ್ರತಿ ತಿಂಗಳು 1ನೇ ತಾರೀಖು ತಪ್ಪದೆ ದುಡ್ಡು ಹಾಕುತ್ತಾನೆ.

ಮೊದಲ ದಿನ ನಾನು ಒಂದು ತಪ್ಪು ಮಾಡಿದೆ. ಆಕೆಯ ದಿನಚರಿ ಕೇಳಿ, ಅಲ್ಲೇ ಕೂತು ಒಂದು ವೇಳಾಪಟ್ಟಿ ಬರೆದುಕೊಟ್ಟೆ. ಓದಿಗೆ ಬೆಳಿಗ್ಗೆ ಒಂದು ಗಂಟೆ ಹೊತ್ತು, ರಾತ್ರಿ ಎರಡು ಗಂಟೆ ಹೊತ್ತು, ಭಾನುವಾರ ಐದು. ಎರಡು ವಾರ ಬಿಟ್ಟು ಬಂದಾಗ ಆಕೆ ತಲೆ ಎತ್ತಲಿಲ್ಲ. ಆ ಪಟ್ಟಿಯಂತೆ ಒಂದು ದಿನವೂ ನಡೆದಿರಲಿಲ್ಲ. ಮೊದಲೇ ಇದ್ದ ಹೊರೆಯ ಮೇಲೆ ನಾನೂ ಒಂದು ಕಲ್ಲು ಇಟ್ಟಂತೆ ಆಗಿತ್ತು. ಹಾಗಂತ ಆಕೆಗೆ ಹೇಳಿದೆ ಕೂಡ. ಆಗಲೇ ಮಾತು ನಿಜವಾಗಿ ಶುರುವಾಗಿದ್ದು.

ಓದುತ್ತಿರುವ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ! ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯಲ್ಲಿ ಕೂತು, ಮೊಬೈಲಿನ ಬೆಳಕು ಕಡಿಮೆ ಮಾಡಿ ಓದುತ್ತಿದ್ದಳು. ಅವ್ವ ನೀರು ಕುಡಿಯಲು ಎದ್ದರೆ ಆಫೀಸಿನ ಕೆಲಸ ಅನ್ನುತ್ತಿದ್ದಳು. "ಹೇಳಿದ್ರ ಬಿಟ್ಟು ಹೊಂಟಾಳ ಅನ್ಕೋತಾರ್ರಿ" ಅಂತ ಭಯ. ಕದ್ದು ಓದುವವರಿಗೆ ಒಂದು ದೊಡ್ಡ ಕಷ್ಟ ಇದೆ. ಓದುವಾಗ ಯಾರಾದರೂ ಕರೆದರೆ "ಈಗ ಆಗಲ್ಲ" ಅನ್ನುವಂತಿಲ್ಲ. ಯಾಕೆ ಆಗಲ್ಲ ಅಂತ ಹೇಳಬೇಕಾಗುತ್ತದೆ ಅಲ್ವಾ?

ವೇಳಾಪಟ್ಟಿ ಹರಿದು ಹಾಕಿದೆವು. ಬದಲಿಗೆ ಒಂದು ಹಾಳೆ ಕೊಟ್ಟು, ಒಂದು ವಾರ ಮನೆಯ ಪ್ರತಿ ಕೆಲಸದ ಮುಂದೆ ಅದನ್ನು ಮಾಡಿದವರ ಹೆಸರು ಬರೆಯಲು ಹೇಳಿದೆ. ಔಷಧಿ ತರುವುದು, ರಕ್ತಪರೀಕ್ಷೆಯ ರಿಪೋರ್ಟ್ ತರುವುದು, ಡಾಕ್ಟರಿಗೆ ಫೋನ್, ಕರೆಂಟ್ ಬಿಲ್, ಗ್ಯಾಸ್, ಆಟೋದವನಿಗೆ ಹಿಂದಿನ ರಾತ್ರಿ ನೆನಪಿಸುವುದು. ಹಾಳೆ ಬಂತು. ಅಡುಗೆ ಬಿಟ್ಟರೆ ಉಳಿದ ಎಲ್ಲ ಸಾಲಿನಲ್ಲೂ ಒಂದೇ ಹೆಸರು. ಅದನ್ನು ಬೆಂಗಳೂರಿನ ಅಣ್ಣನಿಗೆ ಕಳಿಸಲು ಹೇಳಿದೆ. ದೂರು ಬೇಡ, ಬೈಗುಳ ಬೇಡ, ಹಾಳೆ ಮಾತ್ರ.

ಈ ಸಲಹೆ ಎಲ್ಲ ಮನೆಗೂ ಹೊಂದುವುದಿಲ್ಲ. ಜಗಳ ಆಗಿ ಮಾತು ನಿಂತ ಮನೆಗೆ ಹೀಗೆ ಹೇಳುತ್ತಿರಲಿಲ್ಲ. ಇಲ್ಲಿ ಅಣ್ಣ ಕೆಟ್ಟವನಲ್ಲ. ದುಡ್ಡು ಕಳಿಸಿದರೆ ತನ್ನ ಪಾಲು ಮುಗಿಯಿತು ಅಂದುಕೊಂಡಿದ್ದ, ಅಲ್ಲ ಅಂತ ಯಾರೂ ಹೇಳಿರಲಿಲ್ಲ. ಹೆಣ್ಣುಮಗಳು ಮನೆಯಲ್ಲೇ ಇದ್ದಾಳೆ, ನೋಡಿಕೊಳ್ಳುತ್ತಾಳೆ ಅಂತ ಎಲ್ಲರೂ ಸುಮ್ನೆ ಒಪ್ಪಿಕೊಂಡಿದ್ದರು. ಇದು ನನಗೆ ನೋವಾಗುವ ವಿಷಯ. ಎಷ್ಟು ಮನೆಗಳಲ್ಲಿ ನೋಡಿದ್ದೇನೆ!

ಮುಂದಿನ ಭೇಟಿಗೆ ಅವ್ವನೂ ಬಂದರು, ಅಣ್ಣ ವಿಡಿಯೊ ಕಾಲ್‌ನಲ್ಲಿ ಸಿಕ್ಕ. ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ಅಡಗಿಮನ್ಯಾಗ ಲೈಟ್ ನೋಡಿದ್ದೇರಿ ನಾ. ಯಾರ ಕೂಡನರ ಮಾತಾಡ್ತಾಳೇನೋ ಅನ್ಕೊಂಡು ಹೆದರಿದ್ದೆ. ಓದೋದಕ್ಕ ಯಾಕ ಹೆದರಬೇಕಿತ್ತು ಈಕಿ?" ಅಣ್ಣ ತಿಂಗಳಿಗೆ ಒಂದು ವಾರ ಊರಿನ ಮನೆಯಿಂದ ಕೆಲಸ ಮಾಡಲು ಆಫೀಸಿನಲ್ಲಿ ಕೇಳುತ್ತೇನೆ ಅಂದ. ಔಷಧಿ, ಬಿಲ್, ಡಾಕ್ಟರಿಗೆ ಫೋನ್ ಇವನ್ನೆಲ್ಲ ಬೆಂಗಳೂರಿನಿಂದಲೇ ಮಾಡಬಹುದು, ಅವು ಅವನ ಪಾಲಿಗೆ ಬಂದವು. ಶುಕ್ರವಾರದ ಡಯಾಲಿಸಿಸ್‌ಗೆ ಅವ್ವ ಹೋಗುತ್ತೇನೆ ಅಂದರು. ಯಾವ ಕೈಯಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಮಾಡಿದ ರಕ್ತನಾಳದ ಜೋಡಣೆ) ಇದೆ, ಆ ಕೈಯಲ್ಲಿ ಬಿಪಿ ನೋಡಬಾರದು ಅನ್ನುವುದರಿಂದ ಹಿಡಿದು ಎಲ್ಲವನ್ನೂ ಶೈಲಾ ಎರಡು ಶುಕ್ರವಾರ ಜೊತೆಗೆ ಹೋಗಿ ಕಲಿಸಿಕೊಟ್ಟಳು.

ಇಷ್ಟಾದ ಮೇಲೆ ಓದಿನ ವಿಷಯಕ್ಕೆ ಬಂದೆವು. ಕ್ಯಾಟ್ ಸಾಮಾನ್ಯವಾಗಿ ನವೆಂಬರ್ ಕೊನೆಯ ಭಾನುವಾರ ಇರುತ್ತದೆ. ಒಟ್ಟು 120 ನಿಮಿಷ, ಇಂಗ್ಲಿಷ್, ಡೇಟಾ-ಲಾಜಿಕ್, ಲೆಕ್ಕ ಅಂತ ಮೂರು ಭಾಗ, ಒಂದೊಂದಕ್ಕೆ 40 ನಿಮಿಷ. ಹಾಗಾಗಿ ಗಂಟೆಗಟ್ಟಲೆ ಓದುವ ಆಸೆ ಬಿಟ್ಟು 40 ನಿಮಿಷದ ತುಂಡುಗಳನ್ನು ಹುಡುಕು ಅಂದೆ. ಡೇಟಾ ಮತ್ತು ಲಾಜಿಕ್ ಸೆಟ್‌ಗಳಿಗೆ ತಲೆ ತಣ್ಣಗಿರಬೇಕು, ಮಧ್ಯೆ ಎದ್ದರೆ ಮತ್ತೆ ಮೊದಲಿನಿಂದ ಶುರು. ಅವನ್ನು ಮಂಗಳವಾರ, ಗುರುವಾರ, ಶನಿವಾರದ ಬೆಳಿಗ್ಗೆಗೆ ಇಟ್ಟೆವು. ಲೆಕ್ಕ ಆಕೆಗೆ ಚೆನ್ನಾಗಿಯೇ ಬರುತ್ತಿತ್ತು. ತೊಂದರೆ ಇದ್ದದ್ದು ಇಂಗ್ಲಿಷಿನಲ್ಲಿ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಉದ್ದದ ಗದ್ಯ ಓದಿ ಅಭ್ಯಾಸವಿಲ್ಲ. ಆ ಭಾಗದಲ್ಲಿ ಗದ್ಯ ಓದಿ ಉತ್ತರಿಸುವ ಪ್ರಶ್ನೆಗಳೇ ಜಾಸ್ತಿ. ಇದಕ್ಕೆ ಆಸ್ಪತ್ರೆಯ ನಾಲ್ಕು ಗಂಟೆ ಸರಿಯಾಯಿತು. ಅಪ್ಪ ಯಂತ್ರಕ್ಕೆ ಹೊಂದಿಕೊಂಡು ಕಣ್ಣು ಮುಚ್ಚಿದ ಮೇಲೆ ಇಂಗ್ಲಿಷ್ ಪತ್ರಿಕೆಯ ಎರಡು ಸಂಪಾದಕೀಯ, ಒಂದು ಉದ್ದದ ಲೇಖನ. ಓದು ಮಾತ್ರ, ಪ್ರಶ್ನೆ ಬಿಡಿಸುವುದು ಬೇಡ ಅಂದೆ. ಪಕ್ಕದ ಯಂತ್ರ ಕೂಗಿದರೂ ಎದೆ ಧಸಕ್ ಅನ್ನುವ ಜಾಗದಲ್ಲಿ ಗಡಿಯಾರ ಇಟ್ಟುಕೊಂಡು ಪರೀಕ್ಷೆ ಬರೆಯಲು ಆಗುವುದಿಲ್ಲ. ಆ ನಾಲ್ಕು ಗಂಟೆಯಲ್ಲಿ ಒಂದು ಗಂಟೆ ಅಪ್ಪನ ಜೊತೆ ಸುಮ್ಮನೆ ಮಾತಾಡಲು ಇರಲಿ, ಪುಸ್ತಕ ಬೇಡ ಅಂತಲೂ ಹೇಳಿದೆ.

ಭಾನುವಾರ ಒಂದು ಮಾಕ್ ಟೆಸ್ಟ್, ಅಂದರೆ ಅಭ್ಯಾಸದ ಪರೀಕ್ಷೆ. ಆ ಎರಡು ಗಂಟೆ ಫೋನ್ ಆಫ್. ಆಕೆಗೆ ಅತಿ ಕಷ್ಟವಾಗಿದ್ದು ಇದೇ. ಎರಡು ವರ್ಷದಲ್ಲಿ ಒಮ್ಮೆಯೂ ಫೋನ್ ಆಫ್ ಮಾಡಿರಲಿಲ್ಲ. ಮೊದಲ ಭಾನುವಾರ ಮುಗಿಸಿ ಫೋನ್ ಆನ್ ಮಾಡಿದಾಗ ಪಕ್ಕದ ಕೋಣೆಯಲ್ಲಿದ್ದ ಅಪ್ಪನದೇ ಒಂದು ಮೆಸೇಜು: "ಮುಗೀತೇನವ್ವಾ?"

ಒಂದೇ ಬಾಗಿಲು ತಟ್ಟುತ್ತಾ ನಿಲ್ಲಬೇಡ ಅಂತಲೂ ಹೇಳಿದ್ದೆ. ಕ್ಯಾಟ್ ವರ್ಷಕ್ಕೆ ಒಂದೇ ದಿನ, ಅಂಕವೂ ಆ ವರ್ಷದ ಪ್ರವೇಶಕ್ಕೆ ಮಾತ್ರ. ಹಿಂದಿನ ರಾತ್ರಿ ಅಪ್ಪನಿಗೆ ಉಸಿರಾಟದ ತೊಂದರೆ ಬಂದರೆ ವರ್ಷವೇ ಹೋಯಿತು. ಜಿಮ್ಯಾಟ್ ಅನ್ನುವ ಇನ್ನೊಂದು ಮ್ಯಾನೇಜ್‌ಮೆಂಟ್ ಪ್ರವೇಶ ಪರೀಕ್ಷೆ ಇದೆ. ಅದರ ಶುಲ್ಕ ಬಹಳ ಹೆಚ್ಚು, ಎಲ್ಲ ಕೋರ್ಸಿಗೂ ನಡೆಯುವುದಿಲ್ಲ. ಆದರೆ ನಮಗೆ ಅನುಕೂಲವಾದ ದಿನ ಬರೆಯಬಹುದು, ಅಂಕ 5 ವರ್ಷ ನಡೆಯುತ್ತದೆ. ಇನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಸ್ನಾತಕೋತ್ತರ ಪ್ರವೇಶ ಪರೀಕ್ಷೆ ಪಿಜಿಸಿಇಟಿ ಇದೆ. ಅದರಲ್ಲಿ ರ‍್ಯಾಂಕ್ ಬಂದರೆ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕೌಸಾಳಿ ಸಂಸ್ಥೆಯಲ್ಲೇ ಎಂಬಿಎ ಮಾಡಬಹುದು, ವಾರದ ಕೊನೆಗೆ ಮನೆಗೆ ಬರಬಹುದು. ಶೈಲಾ ಮೊದಲು ಮುಖ ಸಣ್ಣಗೆ ಮಾಡಿದಳು. ಐಐಎಂ ಕನಸಿನ ಮುಂದೆ ಅದು ಸೋಲು ಅನ್ನಿಸಿತ್ತು. ನನಗೆ ಹಾಗೆ ಅನ್ನಿಸುವುದಿಲ್ಲ, ಅದನ್ನು ಬಿಚ್ಚಿಯೇ ಹೇಳಿದೆ. ಅರ್ಜಿ ಹಾಕುತ್ತೇನೆ ಅಂದಳು.

ಅಕ್ಟೋಬರಿನಲ್ಲಿ ಅಪ್ಪ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಓದು ನಿಂತಿತು. ಅದನ್ನು ತುಂಬಿಸಿಕೊಳ್ಳಲು ರಾತ್ರಿ ನಿದ್ದೆ ಕೆಡಿಸಬೇಡ, ಹೋದದ್ದು ಹೋಯಿತು ಅಂದೆ. ನವೆಂಬರಿನಲ್ಲಿ ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಬರೆದಳು. ಅಣ್ಣ ಗುರುವಾರವೇ ಊರಿಗೆ ಬಂದಿದ್ದ. 92 ಪರ್ಸೆಂಟೈಲ್ ಬಂತು. ಕೆಲವು ಹೊಸ ಐಐಎಂಗಳ ಸಂದರ್ಶನಕ್ಕೆ ಕರೆ ಬರಬಹುದು, ಬಾರದೆಯೂ ಇರಬಹುದು.

ಕಳೆದ ವಾರ ಬಂದಾಗ ಆಕೆಯ ಕೈಯಲ್ಲಿ ಒಂದು ಹೊಸ ಹಾಳೆ ಇತ್ತು. ಜೂನ್ ನಂತರ ಶೈಲಾ ಊರಲ್ಲಿ ಇಲ್ಲದಿದ್ದರೆ ಮನೆ ಹೇಗೆ ನಡೆಯಬೇಕು ಅಂತ ಅಣ್ಣ, ವೈನಿ, ಅವ್ವ ಕೂತು ಬರೆದದ್ದು. ಬುಧವಾರಕ್ಕೆ ಚಿಕ್ಕಪ್ಪನ ಮಗನ ಹೆಸರೂ ಸೇರಿದೆ. ಯಾವ ಸಾಲಿನಲ್ಲೂ ಶೈಲಾ ಇಲ್ಲ. ನಾನು ಓದಿ ವಾಪಸ್ ಕೊಟ್ಟೆ. ಆಕೆ ಸ್ವಲ್ಪ ಹೊತ್ತು ಅದನ್ನೇ ನೋಡಿದಳು. ಆಮೇಲೆ ನನ್ನ ಪೆನ್ನು ಕೇಳಿ ತೆಗೆದುಕೊಂಡು, ಕೆಳಗೆ ಇನ್ನೊಂದು ಸಾಲು ಹಾಕಿದಳು. ರಾತ್ರಿ 9ಕ್ಕೆ ಅಪ್ಪನಿಗೆ ಫೋನ್: ಶೈಲಾ.